ಹಳೇ ಚಾಳೀಸು ಅವನಿಗೇ ಯಾಕೆ

ಆ ಸಂಜೆ ಶಿಗ್ಗಾವಿಯ ಚಷ್ಮಾ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಎರಡು ಚೀಲ ಸುರುವಿದೆವು, ನಾನೊಂದು, ಆ ಅಂಗಡಿಯಲ್ಲೇ ಕೆಲಸಕ್ಕಿದ್ದ ಹಂಸಭಾವಿಯವನೊಂದು. ನನ್ನ ಚೀಲದಿಂದ ಬಿದ್ದದ್ದು ಮೂರು ಹೊಚ್ಚ ಹೊಸ ಕರಿ ಗಾಗಲ್ಲು, ಯಾರೋ ಥಿಯೇಟರಿನಿಂದ ಎಗರಿಸಿಕೊಂಡು ಬಂದಿದ್ದ ಪ್ಲಾಸ್ಟಿಕ್ ತ್ರೀಡಿ ಕನ್ನಡಕ, ಮತ್ತೆ ಒಂದೇ ಕಡ್ಡಿಯ ಚಾಳೀಸು. ಆ ಒಂಟಿ ಕಡ್ಡಿಯದ್ದು ನಮ್ಮಪ್ಪನದು. ಅಪ್ಪ ಅದನ್ನು ಕೊಟ್ಟಿರಲಿಲ್ಲ. ಅವನು ಸ್ನಾನಕ್ಕೆ ಹೋಗಿದ್ದಾಗ ನಾನೇ ಅವನ ಪರವಾಗಿ ದಾನ ಮಾಡಿದ್ದೆ.

ಹಂಸಭಾವಿಯವನ ಚೀಲ ಬಗ್ಗಿಸಿದ ಮೇಲೆ ಸದ್ದು ನಿಲ್ಲಲೇ ಇಲ್ಲ. ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನವು, ದಾರ ಕಟ್ಟಿದವು, ತಾಮ್ರದ ತಂತಿ ಸುತ್ತಿದವು, ಮೂಗಿನ ಮೇಲೆ ಕೂರುವ ಗುಂಡಿ ಹಸಿರುಗಟ್ಟಿದವು. ಒಂದೊಂದೂ ಬೀಳುವಾಗ ನನ್ನ ಎದೆಗೇ ಬಡಿಯಿತು. ಅಂಗಡಿಯ ಯಜಮಾನರು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, "ವಾಹ್, ಬೇಟಾ," ಅನ್ನುತ್ತಿದ್ದರು. ಬೇಟಾ ಅಂದದ್ದು ನನಗಲ್ಲ.

ಯಜಮಾನರು ಸವಣೂರಿನವರು. ಇಡೀ ಬಜಾರ ಅವರನ್ನು ಚಾಚಾ ಅನ್ನುತ್ತದೆ. ನನ್ನ ಮೊಬೈಲ್ ರಿಪೇರಿ ಅಂಗಡಿ ಅವರ ಅಂಗಡಿಗೆ ಅಂಟಿಕೊಂಡೇ ಇದೆ, ನಡುವೆ ಒಂದು ಪ್ಲೈವುಡ್ ಹಲಗೆ ಅಷ್ಟೇ. ಹಳೇ ಕನ್ನಡಕ ಕೂಡಿಸುವ ಹುಕಿ ಅವರಿಗೆ ಹೊಕ್ಕಿದ್ದು ಹೋದ ವರ್ಷ. ಹೊಸದು ಮಾಡಿಸಿಕೊಂಡವರು ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಟ್ರಂಕಿನ ತಳಕ್ಕೆ ಹಾಕುತ್ತಾರೆ. ಅದು ಅಲ್ಲಿ ಯಾರ ಮುಖವನ್ನೂ ಕಾಣದೆ ಕೊಳೆಯುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನ ಮನೆಗಳಿಂದ ಅವನ್ನು ತಂದು, ಸಾಬೂನಿನ ನೀರಲ್ಲಿ ತೊಳೆದು, ಯಂತ್ರದ ಕೆಳಗಿಟ್ಟು ನಂಬರ್ ನೋಡಿ, ಚೀಟಿ ಕಟ್ಟಿಡಬೇಕು. ಮುರಿದವುಗಳ ಸ್ಕ್ರೂ, ಕಡ್ಡಿ, ಮೂಗಿನ ಗುಂಡಿ ಬಿಚ್ಚಿ ಇನ್ನೊಂದಕ್ಕೆ ಹಾಕಬೇಕು. ಆಮೇಲೆ ಶಿಬಿರ. ಅಲ್ಲಿ ಕಣ್ಣಿನ ಡಾಕ್ಟರು ನೋಡಿ ಚೀಟಿಯಲ್ಲಿ ನಂಬರ್ ಬರೆದುಕೊಡುತ್ತಾರೆ, ಅದಕ್ಕೆ ಹತ್ತಿರದ್ದನ್ನು ಹುಡುಕಿ ಅಲ್ಲೇ ಮುಖಕ್ಕೆ ಏರಿಸುವುದು.

ಹಾಗೆ ಏರಿಸುವವರಿಗೆ ಟೇಬಲ್ಲಿನ ಹಿಂದೆ ಒಂದು ಕುರ್ಚಿ ಇರುತ್ತದೆ. ಹಿರೇಕೆರೂರಿನ ಶಿಬಿರದಲ್ಲಿ ನನಗೆ ಆ ಕುರ್ಚಿ ಬೇಕಿತ್ತು. ಯಾಕೆ ಎಂದು ಕೇಳಿದರೆ ಸೇವೆ ಎಂದು ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಒಬ್ಬ ಮುದುಕಿಗೆ ಚಾಳೀಸು ಹಾಕಿದ ಕೂಡಲೇ ಅವಳು ಮೊದಲು ನೋಡುವುದು ಹಾಕಿದವನ ಮುಖವನ್ನು. ಆ ನೋಟ ನನಗೆ ಬೀಳಬೇಕಿತ್ತು. ಚಾಚಾ ಮೊದಲೇ ಹೇಳಿಬಿಟ್ಟಿದ್ದರು, ಹೆಚ್ಚು ಮನೆಯ ವಿಶ್ವಾಸ ಗಳಿಸಿದವನಿಗೆ ಕುರ್ಚಿ ಎಂದು. ನಾನು ಆವಾಗಲೇ ಅದರಲ್ಲಿ ಮನಸಿನಲ್ಲೇ ಕೂತು, ಕಾಲ ಮೇಲೆ ಕಾಲು ಹಾಕಿದ್ದೆ.

ನನ್ನ ಮೇಲೆ ನನಗೆ ಅಷ್ಟು ಭರವಸೆ ಇದ್ದದ್ದಕ್ಕೆ ಕಾರಣವಿತ್ತು. ನಾನು ಮಂದಿಯ ನಕಲು ಮಾಡುವವನು. ಮದುವೆಯಲ್ಲಿ ಫೋಟೋ ಮುಗಿದು ಊಟದ ಪಂಕ್ತಿ ಏಳುವವರೆಗಿನ ಹೊತ್ತು ನನ್ನದು. ಸವಣೂರ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವುದು, ನಮ್ಮ ಹೆಡ್‌ಮಾಸ್ತರು ಮೈಕಿಗೆ ಮೊದಲು ಊದಿ ಆಮೇಲೆ ಹೆದರುವುದು, ನಮ್ಮವ್ವ ನನ್ನ ಹೆಸರನ್ನು ಸಿಟ್ಟಿನ ಮೂರು ಮಟ್ಟದಲ್ಲಿ ಕರೆಯುವುದು, ಎಲ್ಲ ಬರುತ್ತದೆ. ಯಾವುದಾದರೂ ಹುಡುಗಿ ನನ್ನ ಕಡೆ ನೋಡಿದರೆ ನಾನು ಹೇಗೆ ಕಾಣುತ್ತೇನೆ ಎಂಬುದನ್ನೂ ಮಾಡಿ ತೋರಿಸುತ್ತೇನೆ. ಎಲ್ಲಕ್ಕಿಂತ ಹೆಚ್ಚು ನಗೆ ಬೀಳುವುದು ಅದಕ್ಕೇ. ಇಂಥವನಿಗೆ ನಾಲ್ಕು ಹಳೇ ಕನ್ನಡಕ ಕೇಳಿ ತರುವುದು ಯಾವ ದೊಡ್ಡ ಕೆಲಸ?

ಹಾನಗಲ್ಲದಲ್ಲಿ ಒಂದು ಓಣಿಯ ಹನ್ನೊಂದು ಮನೆ ತಿರುಗಿದೆ. ಪ್ರತಿ ಮನೆಯಲ್ಲೂ ನಕ್ಕರು. ಚಹಾ ಕೊಟ್ಟರು. ಪಕ್ಕದ ಮನೆಯವರನ್ನು ಕರೆದು ಇನ್ನೊಮ್ಮೆ ಕಂಡಕ್ಟರನ್ನು ಮಾಡಿಸಿದರು. ಹಳೇ ಚಾಳೀಸಿನ ಮಾತು ತೆಗೆದ ಕೂಡಲೇ ಮುಖ ಗಂಭೀರವಾಗುತ್ತಿತ್ತು. ಒಬ್ಬ ಅಕ್ಕ ಸೋಮವಾರ ಬಾ ಎಂದಳು. ಸೋಮವಾರ ಹೋದರೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಅದರ ಮೇಲೆ ಬಜಾರದಿಂದ ತರಿಸಿದ ಹೊಸ ಕರಿ ಗಾಗಲ್ಲು ಇಟ್ಟು, ಎರಡೂ ಕೈಯಿಂದ ಕೊಟ್ಟಳು.

"ದಾನ ಅಂದ ಮ್ಯಾಲೆ ಹಾಕಿ ಬಿಟ್ಟದ್ದು ಕೊಡಬಾರದು ತಮ್ಮಾ," ಎಂದಳು.

ಕಣ್ಣು ಮಂಜಾದವರಿಗೆ ಇನ್ನಷ್ಟು ಕತ್ತಲು ಹಾಕಿದಂತಾಗುತ್ತದಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಪುರೋಹಿತನ ಹಾಗೆ ಕೈ ಚಾಚಿ ತೆಗೆದುಕೊಂಡು ಬಂದೆ. ಸವಣೂರಿನಲ್ಲಿ ಚಾಚಾನ ಬಳಗದ ಮನೆಯಲ್ಲೂ ಇದೇ ಆಯಿತು. ಖಾರ, ಚಹಾ, ಎಲೆ ಎಲ್ಲ ಬಂದಮೇಲೆ ಮಖಮಲ್ಲಿನ ಡಬ್ಬಿಯೊಂದು ಬಂತು, ಒಳಗೆ ಅಂಗಡಿಯ ಚೀಟಿ ಕೂಡ ಹರಿಯದ ಗಾಗಲ್ಲು. ಉತರನ್ ಕೊಡುವುದು ನಮ್ಮಲ್ಲಿ ಸರಿ ಅಲ್ಲ ಎಂದರು ಆ ಮನೆಯ ಹಿರಿಯರು. ಉತರನ್ ಎಂದರೆ ಮೈಮೇಲಿಂದ ಕಳಚಿದ್ದು. ಹೀಗೆ ಎರಡೂ ಊರಿನ ಮರ್ಯಾದಸ್ಥರು ಸೇರಿ ನನ್ನ ಚೀಲವನ್ನು ಹೊಸ ಮಾಲಿನಿಂದ ಹಾಳು ಮಾಡಿದರು.

ಹಾಗಾದರೆ ಹಂಸಭಾವಿಯವನಿಗೆ ಮಾತ್ರ ಟ್ರಂಕುಗಳು ಹೇಗೆ ತೆರೆಯುತ್ತವೆ?

ಅವನು ನನ್ನ ವಯಸ್ಸಿನವನೇ. ಹುಬ್ಬಳ್ಳಿಯಲ್ಲಿ ಕಣ್ಣು ನೋಡುವ ಕೋರ್ಸು ಮುಗಿಸಿ ಚಾಚಾನ ಅಂಗಡಿ ಸೇರಿ ಎಂಟು ತಿಂಗಳಾಗಿತ್ತು. ಮಾತು ಕಡಿಮೆ. ಕಡಿಮೆ ಎಂದರೆ, ಫೋನಿನಲ್ಲಿ ಅವನ ಸರದಿ ಬಂದಾಗ ಆ ಕಡೆಯವರು ಕಟ್ಟಾಯಿತೆಂದು ಹಲೋ ಹಲೋ ಅನ್ನುತ್ತಾರೆ. ಅವನ ಮೇಲೆ ನನ್ನ ಮೊದಲ ಹೊಟ್ಟೆಕಿಚ್ಚು ಚಾಳೀಸಿನದ್ದಲ್ಲ, ಇದರದ್ದೇ. ಅವನ ನಕಲು ಮಾಡಲು ನನಗೆ ಬರಲಿಲ್ಲ. ಹಿಡಿಯಲು ಹಿಡಿಕೆಯೇ ಇಲ್ಲ. ನಡಿಗೆ ಸಾದಾ, ದನಿ ಸಾದಾ, ಕೈ ಸುಮ್ಮನೆ. ಒಂದು ದಿನ ಗೆಳೆಯರೆದುರು ಅವನಂತೆ ನಿಂತೆ. ಒಂದು ನಿಮಿಷ ಆದಮೇಲೆ ಒಬ್ಬ, "ಶುರು ಮಾಡಲೇ," ಎಂದ. ನಾನು ಆಗಲೇ ಮುಗಿಸಿದ್ದೆ.

ಅವನ ಗುಟ್ಟು ನೋಡಿಯೇ ಬಿಡೋಣವೆಂದು ಒಂದು ರವಿವಾರ ಅವನನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಸವಣೂರಿಗೆ ಹೋದೆ. ನಾನು ಗಾಗಲ್ಲು ಪಡೆದ ಓಣಿಯೇ. ಅವನು ಒಂದು ಮನೆಯ ಕಟ್ಟೆಯ ಮೇಲೆ ಕೂತ. ಏನೂ ಕೇಳಲಿಲ್ಲ. ಅಲ್ಲಿದ್ದ ಮುದುಕರೊಬ್ಬರು ಹಾಕಿಕೊಂಡಿದ್ದ ಕನ್ನಡಕ ಒಂದು ಕಡೆ ಜೋತುಬಿದ್ದಿತ್ತು. ಅದನ್ನು ಕೊಡಿರಿ ಎಂದು ಕೈ ಚಾಚಿದ. ಜೇಬಿನ ಸಣ್ಣ ಸ್ಕ್ರೂಡ್ರೈವರಿನಿಂದ ಸ್ಕ್ರೂ ಬಿಗಿ ಮಾಡಿದ, ಕಡ್ಡಿಯನ್ನು ಬೆರಳಿನಿಂದ ಉಜ್ಜಿ ಕಾಯಿಸಿ ಕಿವಿಯ ಹಿಂದೆ ಕೂರುವಂತೆ ಬಗ್ಗಿಸಿದ, ತಂಬಿಗೆಯ ನೀರಿನಲ್ಲಿ ತೊಳೆದು ತನ್ನ ಅಂಗಿಯ ಚುಂಗಿನಿಂದ ಒರೆಸಿ ತಿರುಗಿ ಹಾಕಿದ. ಮುದುಕರು ಓಣಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ಅವರೇ ಒಳಗೆ ಹೋದರು. ಟ್ರಂಕಿನ ಸದ್ದು ಕೇಳಿಸಿತು. "ಇವೂ ಅದಾವ ನೋಡಪಾ, ಇದ್ರಾಗ ಏನರ ಬಿಗಿ ಮಾಡೂದು ಐತೇನು," ಎಂದು ಮೂರು ಹಳೆಯವನ್ನು ತಂದು ಅವನ ಮಡಿಲಿಗೆ ಹಾಕಿದರು. ಅವು ಇನ್ನು ನಿಮಗೆ ಆಗುವುದಿಲ್ಲ, ಬೇರೆಯವರಿಗೆ ಆದಾವು ಎಂದ ಅವನು. ಒಯ್ಯಿ ಎಂದರು ಅವರು. ದಾನ ಎಂಬ ಶಬ್ದ ಆ ಕಟ್ಟೆಯ ಹತ್ತಿರವೂ ಸುಳಿಯಲಿಲ್ಲ.

ನನ್ನ ಅಂಗಡಿಯಲ್ಲಿ ಅವನ ಸ್ಕ್ರೂಡ್ರೈವರಿಗಿಂತ ಸಣ್ಣವು ಹದಿನಾರು ಇವೆ. ದಿನವೂ ಅವುಗಳಿಂದಲೇ ಹೊಟ್ಟೆ ಹೊರೆಯುತ್ತೇನೆ. ಮನೆ ಮನೆಗೆ ಹೋಗುವಾಗ ಒಂದನ್ನೂ ಜೇಬಿಗೆ ಹಾಕಿಕೊಳ್ಳಲು ನನಗೆ ಹೊಳೆದಿರಲಿಲ್ಲ. ನಾನು ಒಯ್ದದ್ದು ನನ್ನ ಬಾಯಿಯನ್ನು. ಬರುವಾಗ ಬೈಕನ್ನು ಬೇಕೆಂದೇ ತಗ್ಗಿಗೆ ಇಳಿಸಿದೆ. ಅವನು ಚೀಲವನ್ನು ಎದೆಗೆ ಅವುಚಿಕೊಂಡ.

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ನಮ್ಮಜ್ಜಿ ಮಾಡಿದ್ದು. ಪೊರೆ ತೆಗೆಸಿಕೊಂಡ ಮೇಲೆ ಅವಳ ಹಳೇ ಸೋಡಾ ಗಾಜಿನ ಚಾಳೀಸು ಗೂಟಕ್ಕೆ ತೂಗಾಡುತ್ತಿತ್ತು. ನಾನು ಮೂರು ಸಲ ಕೇಳಿದ್ದೆ, ಮೂರು ಸಲವೂ ಕಿವಿ ಕೇಳದವಳಂತೆ ಮಾಡಿದ್ದಳು. ಅವಳ ಕಿವಿ ಪಾಯಸದ ಸುದ್ದಿಯನ್ನು ಎರಡು ಮನೆ ಆಚೆಯಿಂದ ಹಿಡಿಯುತ್ತದೆ. ಹಂಸಭಾವಿಯವನು ಒಂದು ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಂದ. ಕೈ ತೊಳೆದು ಬರುವಷ್ಟರಲ್ಲಿ ಅವಳು ಅದನ್ನು ಗೂಟದಿಂದ ಇಳಿಸಿ, ಸೆರಗಿನಿಂದ ಒರೆಸಿ, ಅವನ ಕೈಯಲ್ಲಿ ಇಟ್ಟುಬಿಟ್ಟಿದ್ದಳು. ಅವನು ಹೋದಮೇಲೆ ಕೇಳಿಯೇಬಿಟ್ಟೆ.

"ನಾ ಕೇಳಿದ್ರ ಕೊಡ್ಲಿಲ್ಲ. ಅವಂಗ ಹ್ಯಾಂಗ ಕೊಟ್ಟಿ?"

"ನಿನಗ ಕೊಟ್ರ ನೀ ಏನ ಮಾಡತಿ ಮಂಗ್ಯಾ," ಎಂದಳು ಅಜ್ಜಿ. "ಮೊದಲ ನೀನ ಹಾಕ್ಕೊಂತಿ. ಹಾಕ್ಕೊಂಡು ನಾಕು ಮಂದಿ ಮುಂದ ನನ್ನ ಹಂಗ ಬಾಯಿ ಸೊಟ್ಟ ಮಾಡತಿ. ನಾ ಕುರುಡಿ ಆಗಿ ಗ್ವಾಡಿ ಮುಟ್ಟಿ ಮುಟ್ಟಿ ಅಡ್ಡಾಡಿದ್ದು ನಿನಗ ನಗಿ. ಅವ ಅದನ್ನ ಅರಿವ್ಯಾಗ ಸುತ್ತಿ ಇಟ್ಕೊಂಡ ನೋಡು."

ನಾನು ಹಾಕಿಕೊಳ್ಳುತ್ತಿದ್ದೆ, ನಿಜ. ಹಾನಗಲ್ಲದಲ್ಲಿ ಕೂಡ ಮೊದಲ ಮನೆಯ ನಿವೃತ್ತ ಮಾಸ್ತರರ ಕನ್ನಡಕವನ್ನು ಅವರ ಮೂಗಿನಿಂದಲೇ ತೆಗೆದು ಹಾಕಿಕೊಂಡು, ಅವರು ಅದರ ಮೇಲಿಂದ ಹುಬ್ಬು ಎತ್ತಿ ನೋಡುವುದನ್ನು ಅವರಿಗೇ ಮಾಡಿ ತೋರಿಸಿದ್ದೆ. ಅವರೂ ನಕ್ಕಿದ್ದರು. ನಗು ನಿಂತ ಮೇಲೆ ಅವರು ಕನ್ನಡಕವನ್ನು ತಿರುಗಿ ಇಸಿದುಕೊಂಡು ಅಂಗಿಯ ಒಳಜೇಬಿಗೆ ಹಾಕಿಕೊಂಡದ್ದು ನನಗೆ ಆ ದಿನ ಕಂಡಿರಲಿಲ್ಲ, ಅಜ್ಜಿ ಹೀಗೆ ಅಂದಮೇಲೆ ಕಂಡಿತು. ಹನ್ನೊಂದು ಮನೆಯಲ್ಲಿ ನಗಿಸಿದೆನಲ್ಲ, ಹನ್ನೊಂದು ಮನೆಯಲ್ಲೂ ಟ್ರಂಕಿನ ಬೀಗ ನಾನೇ ಹಾಕಿ ಬಂದಿದ್ದೆ. ಅಷ್ಟು ತಿಳಿದಮೇಲೆ ಮನುಷ್ಯ ಸುಧಾರಿಸಬೇಕು. ನಾನು ಹಂಸಭಾವಿಯವನ ಮೇಲೆ ಇನ್ನಷ್ಟು ಉರಿದುಕೊಂಡೆ.

ಕುರ್ಚಿ ಅವನಿಗೇ ಹೋಯಿತು. ಹಿರೇಕೆರೂರಿನ ಕಲ್ಯಾಣಮಂಟಪದಲ್ಲಿ ಶಿಬಿರ. ಚಾಚಾ ನನ್ನ ಹೆಗಲ ಮೇಲೆ ಕೈಯಿಟ್ಟು, ನಿನ್ನ ದನಿ ಚಲೋ ಐತಿ, ಮಂದಿಗೆ ಬೇಸರಾಗದಂತೆ ನೋಡಿಕೊ ಎಂದು ಮೈಕ್ ಕೊಟ್ಟರು. ಟೋಕನ್ ನಂಬರ್ ಕೂಗುವ ಕೆಲಸ. ಬಸ್ ನಿಲ್ದಾಣದ ದನಿಯಲ್ಲಿ ಕೂಗಿದೆ, ರೈಲಿನ ಹೆಣ್ಣುಮಗಳ ದನಿಯಲ್ಲಿ ಕೂಗಿದೆ, ಸರದಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡರು. ನನ್ನ ಕಣ್ಣು ಮಾತ್ರ ಟೇಬಲ್ಲಿನ ಮೇಲೇ ಇತ್ತು. ಒಬ್ಬೊಬ್ಬರ ಮುಖಕ್ಕೂ ಅವನು ಚಾಳೀಸು ಏರಿಸುವುದು, ಅವರು ತಲೆ ಎತ್ತುವುದು, ಅವನ ಮುಖ ಕಾಣುವುದು, ಒಬ್ಬೊಬ್ಬರೂ ಅವನ ಗಲ್ಲ ಸವರಿ ತಮ್ಮ ಹಣೆಗೆ ಬೆರಳು ಮುರಿದುಕೊಳ್ಳುವುದು. ನನಗೆ ಬರಬೇಕಾದ ನೋಟಗಳೆಲ್ಲ ಒಂದೊಂದಾಗಿ ಆ ಸಾದಾ ಮುಖದ ಮೇಲೆ ಬೀಳುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದಳು. ಸಣ್ಣ ಮುಖ, ಬೆರಳ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಗಂಟು. ಟೇಬಲ್ ಮುಟ್ಟುವ ಮೊದಲೇ, "ಯಪಾ, ನಮ್ಮೂರ ಹುಡುಗ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹಂಸಭಾವಿಯವಳು, ಕೌದಿ ಹೊಲಿಯುವವಳು. ಅವನು ಅವಳ ಚೀಟಿ ನೋಡಿ ಒಂದು ಚಾಳೀಸು ತೆಗೆದು ಹಾಕಿದ. ಅದು ಯಾರದೋ ಅಗಲ ಮುಖದ ಗಂಡಸಿನದ್ದು. ಓದಲು ಬಾರದವರಿಗೆ ಟೇಬಲ್ಲಿನ ಮೇಲೆ ಸೂಜಿ ದಾರ ಇಟ್ಟಿರುತ್ತಾರೆ, ಪೋಣಿಸಿದರೆ ಕಣ್ಣು ಕಂಡಿತೆಂದು ಲೆಕ್ಕ. ಅಜ್ಜಿ ದಾರದ ತುದಿಯನ್ನು ನಾಲಗೆಗೆ ಮುಟ್ಟಿಸಿ, ಒಂದೇ ಏಟಿಗೆ ಪೋಣಿಸಿದಳು.

"ಕಾಣತೈತೇನಬೇ?"

"ಕಾಣತೈತಪಾ. ಭಾಳ ಚಲೋ ಕಾಣತೈತಿ."

ಅವನು ಸೂಜಿಯನ್ನು ನೋಡುತ್ತಿದ್ದ. ನಾನು ಮುಖ ನೋಡುತ್ತಿದ್ದೆ. ಅದೊಂದೇ ನನಗೆ ಬರುವ ವಿದ್ಯೆ. ಪೋಣಿಸುವಾಗ ಅವಳ ಕಣ್ಣು ಸೂಜಿಯ ಮೇಲೆ ಇರಲಿಲ್ಲ, ಎದುರಿನ ಗೋಡೆಯ ಮೇಲಿತ್ತು. ನಲವತ್ತು ವರ್ಷ ಕೌದಿ ಹೊಲಿದ ಕೈಗೆ ಸೂಜಿಯ ಕಣ್ಣು ಹುಡುಕಲು ಕಣ್ಣು ಬೇಕಿಲ್ಲ. ಕಾಣತೈತಿ ಅನ್ನುವಾಗ ಗಲ್ಲ ಮೇಲೆ ಹೋಯಿತು, ಹುಬ್ಬು ಕೂಡಿದವು, ಎಡಗಣ್ಣು ಸಣ್ಣಗಾಯಿತು, ಬಾಯಿ ಮಾತ್ರ ನಕ್ಕಿತು. ಸುಳ್ಳು. ನೂರಾರು ಮುಖ ಕದ್ದವನಿಗೆ ಅಷ್ಟು ಗೊತ್ತಾಗದಿದ್ದರೆ ಹೇಗೆ?

ಮೈಕ್ ನನ್ನ ಕೈಯಲ್ಲಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಮುಂದಿನ ಟೋಕನ್ ಕೂಗಿದೆ. ಬೆಳಗಿನಿಂದ ಉರಿಯುತ್ತಿದ್ದ ಹೊಟ್ಟೆಗೆ ಯಾರೋ ಮಜ್ಜಿಗೆ ಹೊಯ್ದಂತಾಯಿತು. ಅವನೂ ತಪ್ಪುತ್ತಾನೆ! ಅವನ ಊರಿನವಳ ಮುಖದ ಮೇಲೇ ತಪ್ಪಿದ! ಅಜ್ಜಿ ಅವನ ತಲೆ ಸವರಿ, ಬಾಗಿಲ ಹೊರಗೆ ಹೋದಳು. ಹೋಗಿ, ಚಾಳೀಸು ತೆಗೆದು, ಮಡಚಿ, ಸೆರಗಿನ ತುದಿಗೆ ಗಂಟು ಹಾಕಿ, ಗೋಡೆ ಮುಟ್ಟುತ್ತ ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದಳು. ಅದನ್ನೂ ನಾನು ನೋಡಿದೆ.

ಮಜ್ಜಿಗೆಯ ತಂಪು ಊಟದವರೆಗೂ ಉಳಿಯಲಿಲ್ಲ. ಗೋಡೆ ಮುಟ್ಟುತ್ತ ಇಳಿದದ್ದೇ ಕಣ್ಣ ಮುಂದೆ ಬರತೊಡಗಿತು. ಸಂಜೆಯ ಟೋಕನ್ನುಗಳನ್ನು ನನ್ನ ಸ್ವಂತ ದನಿಯಲ್ಲೇ ಕೂಗಿದೆ. ಚಾಚಾ ಬಂದು, ಗಂಟಲು ಕಟ್ಟಿತೇನು ಎಂದು ಕೇಳಿದರು.

ಶಿಬಿರ ಎರಡು ದಿನದ್ದು, ನಾವು ಅಲ್ಲೇ ಉಳಿದಿದ್ದೆವು. ಮರುದಿನ ಬೆಳಿಗ್ಗೆ ಶುರುವಾಗುವ ಮೊದಲು ಹಂಸಭಾವಿಗೆ ಹೋಗಿಬರೋಣ ಎಂದು ಅವನಿಗೆ ಹೇಳಿದೆ. ಯಾಕೆ ಎಂದ. ನಿಮ್ಮೂರು ನೋಡಬೇಕು, ನಿನ್ನೆಯ ಅಜ್ಜಿಗೆ ಚಾಳೀಸು ಹೇಗಿದೆ ಕೇಳಿದಂಗೂ ಆಯಿತು ಎಂದೆ. ಅವನಿಗೆ ಖುಷಿಯಾಯಿತು. ಚಾಳೀಸಿನ ಡಬ್ಬಿಯನ್ನೂ ತೊಡೆಯ ಮೇಲಿಟ್ಟುಕೊಂಡು ಬೈಕ್ ಹತ್ತಿದ. ಅವನು ನನ್ನ ಮಾತನ್ನು ಅಷ್ಟು ಸರಳವಾಗಿ ನಂಬಿದ್ದಕ್ಕೂ ಸಿಟ್ಟು ಬಂತು.

ಅಜ್ಜಿ ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂತಿದ್ದಳು. ಯಾರ್ಯಾರೋ ಉಟ್ಟು ಬಿಟ್ಟ ಸೀರೆಗಳ ತುಂಡುಗಳು, ಹಸಿರು, ಕುಂಕುಮ, ಮಾಸಿದ ನೀಲಿ. ಹೊಲಿಯುತ್ತಿರಲಿಲ್ಲ, ಬಿಚ್ಚುತ್ತಿದ್ದಳು. ಹಿಂದಿನ ಸಾಲುಗಳು ಒಂದರ ಪಕ್ಕ ಒಂದು ನೆಟ್ಟಗೆ ಇದ್ದವು, ಕೊನೆಯ ಎರಡು ಸಾಲು ಕುಡುಕನಂತೆ ಅಡ್ಡಾದಿಡ್ಡಿ ಹೋಗಿದ್ದವು. ಮುಖದ ಮೇಲೆ ಚಾಳೀಸು ಇರಲಿಲ್ಲ. ಅದು ದೇವರ ಜಗಲಿಯ ಮೇಲಿತ್ತು, ಎರಡೂ ಗಾಜಿಗೆ ಒಂದೊಂದು ಬೊಟ್ಟು ಕುಂಕುಮ ಹಚ್ಚಿಸಿಕೊಂಡು.

ಯಾಕೆ ಹಾಕಿಕೊಂಡಿಲ್ಲ ಎಂದು ಅವನು ಕೇಳಿದ. ಚಲೋ ದಿನ ನೋಡಿ ಹಾಕಿಕೊಳ್ಳುತ್ತೇನೆ ಎಂದಳು. ಆದರೆ ಕಾಣುತ್ತದಲ್ಲ ಎಂದ. ಭಾಳ ಚಲೋ ಎಂದಳು. ಅವನು ಸಮಾಧಾನದಿಂದ ಚಪ್ಪಲಿ ಮೆಟ್ಟಿಕೊಳ್ಳತೊಡಗಿದ. ಆ ಮಾರಾಯ ನಿಜಕ್ಕೂ ಎದ್ದು ಹೊರಟಿದ್ದ.

ಏನು ಹೇಳಬೇಕು ಎಂದು ಯೋಚಿಸಿ ಹೇಳಿದ್ದಲ್ಲ. ಯೋಚಿಸಿ ಹೇಳುವುದು ನನಗೆ ಬರುವುದಿಲ್ಲ. ನಾನು ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತು, ಇಲ್ಲದ ದಾರವನ್ನು ನಾಲಗೆಗೆ ಮುಟ್ಟಿಸಿ, ಕಣ್ಣನ್ನು ಗೋಡೆಗೆ ನೆಟ್ಟು, ಇಲ್ಲದ ಸೂಜಿಗೆ ಪೋಣಿಸಿದೆ. ಗಲ್ಲ ಮೇಲೆತ್ತಿ, ಹುಬ್ಬು ಕೂಡಿಸಿ, ಎಡಗಣ್ಣು ಸಣ್ಣ ಮಾಡಿ, "ಕಾಣತೈತಪಾ. ಭಾಳ ಚಲೋ ಕಾಣತೈತಿ," ಎಂದೆ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗಾಡುವುದು ನೋಡಿ ಅಳುತ್ತಾಳೆಂದು ಹೆದರಿದೆ. ನಗುತ್ತಿದ್ದಳು.

"ಏ ಬಾಡ್ಯಾ, ಎಲ್ಲಿಂದ ನೋಡಿದ್ಯೋ," ಎಂದಳು. ಆಮೇಲೆ ಅವನ ಕಡೆ ತಿರುಗಿ, "ಸಿಟ್ಟಾಗಬ್ಯಾಡೋ ಯಪ್ಪಾ. ಊರಾಗಿನ ಮಗ, ಅಷ್ಟು ಮಂದ್ಯಾಗ ಎದ್ದು ನಿಂತು ಕೈಯ್ಯಾರೆ ಹಾಕಿದಿ. ಕಾಣಂಗಿಲ್ಲ ಅಂದು ನಿನ್ನ ಮಾರಿ ಹ್ಯಾಂಗ ಸಣ್ಣದು ಮಾಡಲಿ," ಎಂದಳು.

ಅವನು ಅವಳನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ. ಆಗ ಹೊಳೆಯಿತು. ನಾನು ಮಾಡಿ ತೋರಿಸಿದ್ದು ಇವತ್ತಿನ ಮುಖವಲ್ಲ, ನಿನ್ನೆಯದು. ನಕಲು ಅಷ್ಟು ಸರಿಯಾಗಿ ಬಂದಿತ್ತೆಂದರೆ ನಾನು ನಿನ್ನೆ ಅದನ್ನು ಅಷ್ಟೇ ಸರಿಯಾಗಿ ನೋಡಿದ್ದೆ. ಜನ್ಮದಲ್ಲಿ ಒಂದು ಸಲ ಕೆಟ್ಟದಾಗಿ ನಕಲು ಮಾಡಿದ್ದರೆ ಉಳಿದುಕೊಳ್ಳುತ್ತಿದ್ದೆ.

"ನಿನ್ನೇನ ಗೊತ್ತಿತ್ತು ನಿನಗ," ಎಂದ.

"ಹೂಂ."

"ಮತ್ಯಾಕ ಹೇಳ್ಲಿಲ್ಲ?"

ಹತ್ತು ಮಂದಿಯ ದನಿ ನನ್ನ ಗಂಟಲಲ್ಲಿರುತ್ತದೆ, ಆ ಹೊತ್ತಿಗೆ ಬಂದದ್ದು ನನ್ನದೇ. "ಹೊಟ್ಟಿಕಿಚ್ಚಿಗೆ," ಎಂದೆ.

ಅಜ್ಜಿಗೆ ನಾವು ಏನು ಮಾತಾಡುತ್ತಿದ್ದೇವೆಂದು ಅರ್ಥವಾಗಲಿಲ್ಲ, ಚಹಾ ಕಾಯಿಸಲು ಎದ್ದಳು. ಅವನು ತಿರುಗಿ ಚಪ್ಪಲಿ ಬಿಟ್ಟು ಕೂತು ಡಬ್ಬಿ ತೆರೆದ. ಬೈಯುತ್ತಾನೆಂದು ಕಾದೆ. ಅವನು ಜಗಲಿಯ ಮೇಲಿನ ಚಾಳೀಸನ್ನು ಕೈ ಮುಗಿದು ತೆಗೆದು, ಕುಂಕುಮ ಒರೆಸಿ, ಚೀಟಿ ಕಟ್ಟಿ ಒಳಗಿಟ್ಟ. ಅಗಲ ಚೌಕಟ್ಟಿನ ಗಾಜು ಅವಳ ಕಣ್ಣಿನ ನೇರಕ್ಕೆ ಕೂತಿರಲಿಲ್ಲ, ಅದಕ್ಕೆ ಸಣ್ಣ ಮುಖದವು ನಾಲ್ಕು ಹುಡುಕಿ ಸಾಲಾಗಿ ಕೌದಿಯ ಮೇಲೆ ಇಟ್ಟ. ಆಮೇಲೆ ನನ್ನ ಕಡೆ ನೋಡದೆಯೇ, ನೀನು ಅಕಿ ಮಾರಿ ನೋಡು ಎಂದ.

ಸೂಜಿ ಮುಟ್ಟಗೊಡಲಿಲ್ಲ. ಒಂದು ಸೀರೆ ತುಂಡಿನ ಮೇಲೆ ಕಡಲೆಕಾಳಿನಷ್ಟು ಸಣ್ಣ ಹೂವಿದ್ದವು, ಅವುಗಳ ಎಸಳು ಎಣಿಸಲು ಹೇಳಿದೆವು. ಮೊದಲನೆಯದಕ್ಕೆ ಕಾಣತೈತಿ ಎಂದಳು, ಗಲ್ಲ ಮೇಲೆ ಹೋಯಿತು, ನಾನು ತಲೆ ಅಲ್ಲಾಡಿಸಿದೆ. ಎರಡನೆಯದಕ್ಕೂ ಕಾಣತೈತಿ, ಎಡಗಣ್ಣು ಸಣ್ಣಗಾಯಿತು, ಬೇಡ ಎಂದೆ. ಮೂರನೆಯದು ಹಾಕಿದಾಗ ಕಾಣತೈತಿ ಎಂದು ಹೇಳಲಿಲ್ಲ. ಹುಬ್ಬು ಸಡಿಲವಾದವು, ಬಾಯಿ ತಾನಾಗಿಯೇ ತೆರೆಯಿತು. ಎಸಳು ಎಣಿಸುವುದನ್ನು ಬಿಟ್ಟು ತನ್ನ ಕೊನೆಯ ಎರಡು ಸಾಲು ಹೊಲಿಗೆಯ ಮೇಲೆ ಬೆರಳಿಟ್ಟು, "ಇಷ್ಟ ಕೆಟ್ಟ ಹೊಲದೇನಿ?" ಎಂದಳು. ನಾನು ಹೂಂ ಎಂದೆ. ಅವಳು ತಲೆ ಎತ್ತಿದಳು. ಇಬ್ಬರೂ ಎದುರಿಗೇ ಇದ್ದೆವು, ಮೊಳ ಅಂತರದಲ್ಲಿ. ನೋಡಿದ್ದು ಅವನನ್ನು. "ನಿಮ್ಮವ್ವನ ಮೂಗ ಬಂದೈತಿ ನಿನಗ," ಎಂದು ಅವನ ಗಲ್ಲ ಸವರಿದಳು.

ತಿರುಗಿ ಬರುವಾಗ, ಹಿರೇಕೆರೂರು ಹತ್ತಿರ ಬಂದಂತೆ ಅವನು ಬೈಕ್ ನಿಲ್ಲಿಸು ಎಂದ. ಇಳಿದು ನನ್ನ ಎದುರು ಬಂದು ನಿಂತ. ನಿನ್ನೆ ಹಾಗೆ ಸುಳ್ಳು ಹೇಳಿದವರು ಬೇರೆ ಯಾರಾದರೂ ಇದ್ದರೇ ಎಂದು ಕೇಳಿದ. ಇಲ್ಲ, ಅವಳೊಬ್ಬಳೇ ಎಂದೆ. ನಿಜವೇ ಎಂದ. ನಿಜ ಎಂದೆ. ಅವನು ನನ್ನ ಗಲ್ಲ, ಹುಬ್ಬು, ಎಡಗಣ್ಣು ಒಂದೊಂದಾಗಿ ನೋಡಿ, ಸರಿ ಎಂದು ಹಿಂದೆ ಹತ್ತಿಕೊಂಡ. ಒಂದು ಬೆಳಗಿನಲ್ಲಿ ನನ್ನ ವಿದ್ಯೆಯನ್ನೂ ಕಲಿತುಬಿಟ್ಟಿದ್ದ. ಹೊಟ್ಟೆ ಮತ್ತೆ ಉರಿಯಿತು.

ಮಂಟಪದಲ್ಲಿ ಚಾಚಾ, ಎಲ್ಲಿ ಹೋಗಿದ್ದಿರಿ ಎಂದರು. ಆ ಅಜ್ಜಿಯ ಚಾಳೀಸು ಬದಲು ಮಾಡಿ ಬಂದೆವು, ನಾನು ತಪ್ಪು ಕೊಟ್ಟಿದ್ದೆ ಎಂದ ಅವನು. ಅಷ್ಟೇ. ಮುಂದಿನ ಮಾತಿಗೆ ಕಾದೆ. ಅವನು ಹತ್ತಿಯಿಂದ ಗಾಜು ಒರೆಸತೊಡಗಿದ. ನನ್ನ ಪಾಲಿನ ತಪ್ಪನ್ನು ಪೂರಾ ಮುಚ್ಚಿ ತನ್ನ ಪಾಲಿನದನ್ನು ಮಾತ್ರ ಹೇಳಿದ್ದ, ಅದೂ ಸಾದಾ ದನಿಯಲ್ಲಿ. ಚಾಚಾ ಮೆಚ್ಚುಗೆಯಿಂದ ತಲೆದೂಗಿದರು. ನನಗೆ ಸಹಿಸಲಾಗಲಿಲ್ಲ. ಚಾಳೀಸು ಅವನಿಗೆ, ಅಜ್ಜಿಯರು ಅವನಿಗೆ, ಈಗ ದೊಡ್ಡ ಮನಸ್ಸೂ ಅವನಿಗೇ ಬಿಟ್ಟುಕೊಡಬೇಕೇ? ನಾನೇ ಎಲ್ಲ ಹೇಳಿದೆ, ಟೋಕನ್ ಕೂಗಿದ್ದು, ಸೆರಗಿನ ಗಂಟು, ಗೋಡೆ ಮುಟ್ಟಿ ಇಳಿದದ್ದು. ಪಶ್ಚಾತ್ತಾಪ ಅರ್ಧ ಇತ್ತು. ಉಳಿದರ್ಧ ಏನೆಂದು ಹೇಳಿಯಾಯಿತು.

ಚಾಚಾ ತಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹಾಗೆ ತೆಗೆದಾಗ ಅವರಿಗೆ ಸಿಟ್ಟು ಬಂದಿರುತ್ತದೆ, ನಾನು ಆ ಐಟಂ ಎಷ್ಟೋ ಸಲ ಮಾಡಿದ್ದೇನೆ.

"ನೀ ನೋಡಿದ್ದು ಖರೆ ಐತಿ, ಸುಮ್ಮ ಕುಂತದ್ದೂ ಖರೆ ಐತಿ," ಎಂದರು. "ಕುರ್ಚಿ ಕೇಳಬ್ಯಾಡ ಬೇಟಾ. ಒಂದು ಸ್ಟೂಲ್ ತಗೊಂಡು ಅವನ ಬಾಜೂಕ ಕುಂದ್ರು. ಮೈಕ್ ಇಲ್ಲಿ ಕೊಡು."

ಅಂದಿನಿಂದ ಸ್ಟೂಲು ನನ್ನದು. ಆಮೇಲೆ ಎರಡು ಶಿಬಿರವಾದವು, ಒಂದು ಹಾನಗಲ್ಲದಲ್ಲಿ, ಒಂದು ದುಂಡಸಿಯಲ್ಲಿ. ಅವನು ಚಾಳೀಸು ಹಾಕಿ ನನ್ನ ಕಡೆ ನೋಡುತ್ತಾನೆ, ನಾನು ಮುಖ ನೋಡಿ ಹೌದು ಅಥವಾ ಅಲ್ಲ ಅನ್ನುತ್ತೇನೆ. ಮೊದಲನೆಯದಕ್ಕೇ ಚಲೋ ಐತಿ ಅನ್ನುವವರು ಎಷ್ಟು ಮಂದಿ ಎಂದು ಅವನಿಗೂ ಈಗ ಗೊತ್ತಾಗಿದೆ. ಪುಕ್ಕಟೆ ಕೊಟ್ಟದ್ದರಲ್ಲಿ ಎರಡನೆಯದು ಕೇಳುವುದು ಯಾರಿಗೂ ಸರಿ ಅನ್ನಿಸುವುದಿಲ್ಲ.

ದುಂಡಸಿಯಲ್ಲಿ ಅವನು ನೀರು ಕುಡಿಯಲು ಎದ್ದು ಹೋದಾಗ ನಾನು ಮೆಲ್ಲಗೆ ಸ್ಟೂಲಿನಿಂದ ಕುರ್ಚಿಗೆ ಸರಿದೆ. ಬೆನ್ನು ಒರಗಿಸಿದೆ. ಚಂದ ಇತ್ತು. ಅವನು ಬಂದು ನೋಡಿ, ಸ್ಟೂಲಿನ ಮೇಲೆ ಕೂತ. ಮುಂದಿನ ಟೋಕನ್ನಿನ ಅಜ್ಜ ಬಂದರು, ಅಗಲ ಮುಖ, ನಡುಗುವ ಕೈ. ನಾನು ನೆಟ್ಟಗೆ ಕೂತು ಕೈ ಚಾಚಿದೆ. ಅಜ್ಜ ನನ್ನ ಮುಖ ಒಮ್ಮೆ ನೋಡಿದರು, ಅವನ ಮುಖ ಒಮ್ಮೆ ನೋಡಿದರು. ಆಮೇಲೆ ನನ್ನ ಕೈಯನ್ನು ದಾಟಿ ಚೀಟಿಯನ್ನು ಸ್ಟೂಲಿನ ಮೇಲಿದ್ದವನಿಗೆ ಕೊಟ್ಟರು.